ಸಿಗದಿರಲಿ ಎಂದು ಸಂತ ಆಂತೋನಿಯವರಲ್ಲಿ ಬೇಡಿದೆ

ನನ್ನ ತಮ್ಮ ರೋಶನ್ ಹೋದ ದೋಣಿ ಅಳಿವೆ ಬಾಗಿಲಲ್ಲಿ, ನದಿ ಕಡಲು ಸೇರುವಲ್ಲಿ, ಮಗುಚಿ ಬಿದ್ದಿದೆ ಎಂದು ಫೋನ್ ಬಂದಾಗ ನಾನು ಬಂದರಿನ ನನ್ನ ಅಂಗಡಿಯಲ್ಲಿ ಗಿರಾಕಿಯೊಬ್ಬನೊಂದಿಗೆ ಚೌಕಾಸಿ ಮಾಡುತ್ತಿದ್ದೆ. ಕಳೆದ ನವೆಂಬರ್‌ನ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ನಾನು ಮಾರುವುದು ಫಿಶ್ ಫೈಂಡರ್. ನೀರಿನೊಳಗೆ ಶಬ್ದ ಬಿಟ್ಟು, ಅದು ತಳಕ್ಕೋ ಮೀನಿಗೋ ಬಡಿದು ಹಿಂದೆ ಬಂದದ್ದನ್ನು ಪರದೆಯಲ್ಲಿ ತೋರಿಸುವ ಯಂತ್ರ. ರಿಪೇರಿ ಮಾಡಿದ ಒಂದನ್ನು ಪರೀಕ್ಷಿಸಲು ತಮ್ಮನನ್ನು ಒಬ್ಬನೇ ಕಳಿಸಿದವನು ನಾನೇ.

"ಅಲೆ ಜೋರುಂಟು ಅಣ್ಣ, ನಾಳೆ ಹೋಗ್ತೇನೆ" ಎಂದಿದ್ದ.

"ನಾಳೆಗೆ ಗಿರಾಕಿ ಬೇರೆ ಅಂಗಡಿಯಲ್ಲಿರ್ತಾನೆ" ಎಂದಿದ್ದೆ.

ನಾನು ದೋಣಿ ಕಟ್ಟುವ ಧಕ್ಕೆಗೆ ಓಡುವಷ್ಟರಲ್ಲಿ ದೋಣಿಯವರು ನೀರಿನ ಮೇಲೆಲ್ಲ ಹುಡುಕಿ ಮುಗಿಸಿದ್ದರು. ನನ್ನ ಹಳೆಯ ಗಿರಾಕಿ, ಕ್ರೈಸ್ತರನ್ನೆಲ್ಲ ಪೊರ್ಬುಗಳು ಎಂದೇ ಕರೆಯುವ ಮೀನುಗಾರ ದಾಮೋದರಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಪೊರ್ಬುಗಳೇ, ಅಂಗಡಿಯಿಂದ ಒಳ್ಳೆ ಮಿಷಿನ್ ಒಂದು ತನ್ನಿ. ತಳ ನೋಡುವ." ತಳ ನೋಡುವುದು ಎಂದರೆ ಎಂತ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನನ್ನ ಹೆಂಡತಿ ಜೆಸಿಂತಾ ಧಕ್ಕೆಯಲ್ಲೇ ಜಪಮಾಲೆ ಹಿಡಿದು ಕೂತಳು.

ಕೈಗೆ ಸಿಕ್ಕ ಸೆಟ್ಟನ್ನು ದಾಮೋದರಣ್ಣನ ದೋಣಿಗೆ ಕಟ್ಟಿ ಹೊರಟೆವು. ಪರದೆಯಲ್ಲಿ ಹತ್ತು ಮಾರಿಗೊಂದು ಗುರುತು. ಜೊತೆಗೆ ಬಂದಿದ್ದ ಮುಳುಗುಗಾರರು ಎರಡು ಸಲ ಇಳಿದರು, ಎರಡು ಸಲವೂ ಬರೀ ಕೆಸರು. ಗಂಟೆ ಎರಡಾಯಿತು. ಮೂರನೆಯ ಗುರುತು ಉದ್ದಕ್ಕೆ, ತಳಕ್ಕೆ ಅಂಟಿಕೊಂಡಂತೆ ಇತ್ತು. ಆಳು ಮಲಗಿದಷ್ಟೇ ಉದ್ದ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ "ಈ ಮಿಷಿನ್ ಸುಳ್ಳು ಹೇಳುವುದಿಲ್ಲ" ಎಂದು ಹೇಳಿಕೊಂಡು ಬಂದವನು ನಾನು.

"ಸಂತ ಆಂತೋನಿಯವರೇ, ಕಳೆದದ್ದನ್ನು ಎಲ್ಲರಿಗೂ ಹುಡುಕಿಕೊಡುತ್ತೀರಿ. ನನಗೆ ಇಲ್ಲಿ ಹುಡುಕಿಕೊಡಬೇಡಿ" ಎಂದು ಬೇಡಿದೆ. ಬದಲಿಗೆ ಅಂಗಡಿ ಕೊಡುತ್ತೇನೆ, ಮನೆ ಕೊಡುತ್ತೇನೆ ಎಂದೆ. ವ್ಯಾಪಾರದಲ್ಲಿ ಎದುರಿನವನಿಗೆ ಎಂತ ಬೇಕೆಂದು ನನಗೆ ಬೇಗ ತಿಳಿಯುತ್ತದೆ. ಅವರಿಗೆ ನನ್ನಿಂದ ಬೇಕಾದದ್ದು ಏನೆಂದೇ ತಿಳಿಯಲಿಲ್ಲ. ಕೊನೆಗೆ ನಿಮ್ಮ ಇಷ್ಟ ಎಂದು ಕೈಚೆಲ್ಲಿದೆ.

ಆಗ ಕಣ್ಣಿಗೆ ಬಿತ್ತು. ನಾನು ತಂದದ್ದು ಗಿರಾಕಿಗಳಿಗೆ ತೋರಿಸುವ ಸೆಟ್. ಧಕ್ಕೆಯಲ್ಲಿ ನೀರಿಗಿಳಿಸಿದಾಗ ಪರದೆ ತುಂಬ ಮೀನು ಕಾಣಲಿ ಎಂದು ಅದರ ಸೆನ್ಸಿಟಿವಿಟಿ ಗುಂಡಿಯನ್ನು ನಾನೇ ಪೂರ್ತಿ ಏರಿಸಿಟ್ಟಿದ್ದೆ. ಹಾಗಿಟ್ಟರೆ ಕೆಸರು, ನೊರೆ ಎಲ್ಲವೂ ಒಂದೊಂದು ಆಕಾರವಾಗಿ ಕಾಣುತ್ತದೆ. ನಾಚಿಕೆ ಬಿಟ್ಟು ದಾಮೋದರಣ್ಣನಿಗೆ ಹೇಳಿದೆ.

"ಅಯ್ಯೋ ಮಾರಾಯ್ರೆ! ನನಗೆ ಮಾರಿದ್ದೂ ಹೀಗೆಯೇನಾ?"

"ಆಮೇಲೆ ಬೈಯಿರಿ ದಾಮೋದರಣ್ಣ. ಈಗ ದೋಣಿ ತಿರುಗಿಸಿ."

ಗುಂಡಿಯನ್ನು ಇಳಿಸಿದೆ. ಆ ಉದ್ದದ ಗುರುತು ಕರಗಿಹೋಯಿತು. ಅದೇ ಜಾಗದಲ್ಲಿ ಮತ್ತೆರಡು ಸುತ್ತು ಹಾಕಿದೆವು. ತಳ ಖಾಲಿ.

"ಇಲ್ಲಿ ಇಲ್ಲ" ಎಂದರು ದಾಮೋದರಣ್ಣ. "ಬೆಳಿಗ್ಗೆ ಇಳಿತ ಇತ್ತು, ನೀರು ಹೊರಗೆ ಎಳೆದಿರ್ತದೆ. ಬೆಂಗ್ರೆ ಬದಿಯ ಕಲ್ಲಿನ ಗೋಡೆಯ ಆಚೆ ಯಾರಾದ್ರೂ ನೋಡಿದ್ದಾರಾ?"

ಯಾರೂ ನೋಡಿರಲಿಲ್ಲ. ಅಳಿವೆಯ ಆಚೆ ದಡದ ಬೆಂಗ್ರೆಯಿಂದ ಕಡಲೊಳಗೆ ಚಾಚಿದ ಆ ಗೋಡೆಯ ಹೊರಗೆ ಅಲೆ ಒಡೆಯುತ್ತದೆ, ದೋಣಿ ಹೋಗುವುದಿಲ್ಲ. ಈಗ ಭರತ, ನೀರು ಏರುತ್ತಿತ್ತು. ದೋಣಿಯನ್ನು ಒಳಗೆ ಕಟ್ಟಿ, ಗೋಡೆಯ ಮೇಲೆ ಬಿದ್ದು ಎದ್ದು ಓಡಿದೆವು.

ರೋಶನ್ ಅಲ್ಲಿದ್ದ. ಎರಡು ಕಲ್ಲುಗಳ ನಡುವೆ ಕಾಲು ಸಿಕ್ಕಿಕೊಂಡು, ಎದೆಮಟ್ಟದ ನೀರಿನಲ್ಲಿ. ಪ್ರತಿ ಅಲೆಯೂ ತಲೆಯ ಮೇಲಿಂದ ಹೋಗುತ್ತಿತ್ತು. ಕೂಗಿ ಕೂಗಿ ಸ್ವರ ಬಿದ್ದುಹೋಗಿತ್ತು. ಹಗ್ಗ ಇಳಿಸಿ, ಹಾರೆಯಿಂದ ಕಲ್ಲು ಮೀಟಿ ಮೇಲೆ ತರುವಾಗ ನೀರು ಗಂಟಲಿಗೆ ಬಂದಿತ್ತು.

"ಮಿಷಿನ್ ಹೋಯ್ತು ಅಣ್ಣ" ಎಂದ.

"ಮಿಷಿನ್ ಸಾಯ್ಲಿ ಮಾರಾಯ" ಎಂದು ಅವನನ್ನು ತಬ್ಬಿಕೊಂಡು ಅತ್ತೆ.

ಕಾಲಿನ ಎಲುಬು ಮುರಿದಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಕೊಟ್ಟಾರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಜೆಸಿಂತಾ ದಿನಾ ಗಂಜಿ ಒಯ್ದಳು.

ಗುಂಡಿ ತಿರುಗಿಸಿದ್ದು ನಿನ್ನದೇ ಬುದ್ಧಿ ಎಂದು ಕೆಲವರು ಹೇಳುತ್ತಾರೆ. ನನ್ನ ಬುದ್ಧಿ ನನಗೆ ಗೊತ್ತುಂಟು. ಅದು ಆ ಗುಂಡಿಯನ್ನು ಏರಿಸಿದ್ದೇ ಹೊರತು ಒಂದು ದಿನವೂ ಇಳಿಸಿದ್ದಿಲ್ಲ. ಆ ದಿನ ಇಳಿಸಿದ್ದು ಸಂತರು. ಭಕ್ತ ಬಾಂಧವರೇ, ನದಿಯೊಳಗೇ ಆದರೂ ಲೈಫ್ ಜಾಕೆಟ್ ಇಲ್ಲದೆ, ಜೊತೆಗೊಬ್ಬರಿಲ್ಲದೆ ಯಾರನ್ನೂ ನೀರಿಗೆ ಕಳಿಸಬೇಡಿ. ಸಂತರ ಮುಂದೆ ಕೊಡುಕೊಳ್ಳುವ ಮಾತು ಬೇಡ, ಕೈಚೆಲ್ಲಿ ಕೇಳಿ.

ರೋಶನ್ ಈಗ ಕುಂಟುತ್ತಾ ಮನೆಯ ಮೆಟ್ಟಿಲು ಹತ್ತುತ್ತಾನೆ. ಆ ಸದ್ದು ಕೇಳಿದಾಗಲೆಲ್ಲ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ದೇವರಿಗೂ ಸಂತ ಆಂತೋನಿಯವರಿಗೂ ಸ್ತುತಿ ಹೇಳುತ್ತೇನೆ.