ಹಾಯಿಹಗ್ಗಕ್ಕೆ ಹಾಕಿದ ದನದ ಗಂಟು

ನನ್ನ ಜೊತೆ ನಿವೃತ್ತರಾದವರಿಗೆಲ್ಲ ಫ್ಯಾಕ್ಟರಿಯಿಂದ ಗೋಡೆ ಗಡಿಯಾರ ಸಿಕ್ಕಿತು. ನನಗೆ ಸಿಕ್ಕಿದ್ದು ಹಾಯಿದೋಣಿ. ಸೋಂಪುರದ ಒಂದು ಫೈಬರ್ ಟ್ಯಾಂಕ್ ಫ್ಯಾಕ್ಟರಿಯಲ್ಲಿ ತೇಪೆ ಹಾಕುವುದು ನನ್ನ ಕೆಲಸವಾಗಿತ್ತು. ಯಾವುದೋ ರೆಸಾರ್ಟಿನವರು ತಳ ಸೀಳಿದ ದೋಣಿಯನ್ನು ರಿಪೇರಿಗೆ ಕಳಿಸಿ, ಆಮೇಲೆ ರೆಸಾರ್ಟನ್ನೇ ಮುಚ್ಚಿಕೊಂಡು ಹೋದರು. ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಅದನ್ನು, "ನೀವೇ ತಗೊಂಡ್ಹೋಗಿ ಯಜಮಾನ್ರೇ" ಎಂದು ಮಾಲೀಕರು ಸಾಗಹಾಕಿದರು. ಲಾರಿಯಲ್ಲಿ ಹೇರಿಸಿಕೊಂಡು ಹೊಸಕೋಟೆ ತಾಲ್ಲೂಕಿನ ನಮ್ಮೂರ ಕೆರೆಗೆ ತಂದೆ. ಎಸ್ಸೆಸ್ಸೆಲ್ಸಿ ಓದಿದವನು, ಈಜು ಬಾರದವನು, ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವನು ಹೀಗೆ ಕ್ಯಾಪ್ಟನ್ ಆದೆ. ಆ ಹೆಸರನ್ನು ಊರವರು ಗೇಲಿಗೆಂದು ಇಟ್ಟರು. ನಾನು ಬಿರುದೆಂದು ಸ್ವೀಕರಿಸಿ, ಅದಕ್ಕೆ ಒಪ್ಪುವ ಬಿಳಿ ಟೋಪಿಯನ್ನೂ ತಂದುಕೊಂಡೆ.

ಈಗ ನಮ್ಮ ಕೆರೆ ಬೇಸಿಗೆಯಲ್ಲೂ ತುಂಬಿರುತ್ತದೆ. ನಗರದವರು ಬಳಸಿ ಬಿಟ್ಟ ನೀರು ಶುದ್ಧವಾಗಿ ನಮ್ಮಲ್ಲಿಗೆ ಬರುತ್ತದೆ. ಎಷ್ಟು ಶುದ್ಧವೆಂದರೆ, ಹದಿನೈದು ದಿನಕ್ಕೊಮ್ಮೆ ದೋಣಿಯ ಹೊಟ್ಟೆಯ ಸುತ್ತ ಹಸಿರು ಪಟ್ಟಿ ಕಟ್ಟುತ್ತದೆ. ತೆಂಗಿನ ನಾರಿನಲ್ಲಿ ಉಜ್ಜಬೇಕು. ಹಾಯಿಯ ಬಟ್ಟೆಯನ್ನು ಒಣಗಿಸದೆ ಮಡಚಿದರೆ ಕರಿ ಚುಕ್ಕೆ ಬೀಳುತ್ತದೆ. ಹಗ್ಗ ಹಾಯುವ ಹಿತ್ತಾಳೆ ಬಳೆಗಳನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಬೇಕು. ಹುಣಿಸೆಹಣ್ಣು ನಲ್ಲೂರಿನ ಬೀಗರು, ಅಂದರೆ ನನ್ನ ಮಗಳ ಮಾವ, ಪ್ರತಿ ವರ್ಷ ತಂದುಕೊಡುವುದು. ಹೊಸ ಹುಣಿಸೆ ದೋಣಿಗೆ, ಹಳೆಯದು ಸಾರಿಗೆ ಎಂದು ನಾನೇ ನಿಯಮ ಮಾಡಿದ್ದೆ.

ದೋಣಿಯಲ್ಲಿ ಇಬ್ಬರು ಮಲಗುವಷ್ಟು ಗೂಡಿತ್ತು. ಹಗಲೆಲ್ಲ ನನ್ನ ವಾಸ ಅಲ್ಲೇ. ಮನೆ ಇನ್ನೂರು ಹೆಜ್ಜೆ ದೂರವಿದ್ದರೂ ಕ್ಯಾಪ್ಟನ್ ಊಟಕ್ಕೆಂದು ದಡಕ್ಕೆ ಇಳಿಯುವುದುಂಟೇ? ಹೆಂಡತಿ ದಡದಿಂದ ಲಾರಿ ಟ್ಯೂಬಿನ ಮೇಲೆ ಕ್ಯಾರಿಯರ್ ಇಟ್ಟು ತೇಲಿಬಿಡುವಳು, ನಾನು ಹಗ್ಗ ಹಿಡಿದು ಎಳೆದುಕೊಳ್ಳುವೆ. ಒಂದು ದಿನ ಟ್ಯೂಬ್ ಮಗುಚಿ ಮುದ್ದೆಯೆಲ್ಲ ಕೆರೆಯ ಪಾಲಾದಾಗ, "ಮೀನ್ಗಳೂ ಒಂದಿನ ರಾಗಿ ತಿನ್ಲಿ ಬಿಡಿ" ಎಂದು ಅವಳು ಮನೆಗೆ ನಡೆದಳು.

ದೋಣಿಯ ಮೂತಿ ಸದಾ ಪೂರ್ವಕ್ಕಿರಬೇಕೆಂದು ವಾಸ್ತು ಹೇಳುವವರೊಬ್ಬರು ಅಪ್ಪಣೆ ಕೊಟ್ಟಿದ್ದರು. ಹಿಂದೆ ಮುಂದೆ ಕಲ್ಲುಕಂಬ ನೆಟ್ಟು ಬಿಗಿದೆ. ಗಾಳಿ ಬಂದ ಕಡೆಗೆ ತಿರುಗಿ ಸುಮ್ಮನಿರಬೇಕಾಗಿದ್ದ ದೋಣಿ, ಲಾಳ ಕಟ್ಟಲು ಕೆಡವಿದ ಎತ್ತಿನಂತೆ ಒದ್ದಾಡಿ, ಹಗ್ಗ ಕಟ್ಟಿದಲ್ಲೆಲ್ಲ ಬಿರುಕು ಬಿಟ್ಟಿತು. ನಾನು ತೇಪೆ ಹಾಕಿದೆನೇ ಹೊರತು ಹಗ್ಗ ಸಡಿಲಿಸಲಿಲ್ಲ. ನನಗೆ ಬರುತ್ತಿದ್ದ ಗಂಟೂ ಒಂದೇ, ದನ ಕಟ್ಟುವ ಗಂಟು. ಎಳೆದಷ್ಟೂ ಬಿಗಿಯಾಗುತ್ತದೆ.

ನಮ್ಮ ಕಡೆ ವಿಹಾರಕ್ಕೆ ತಕ್ಕ ಗಾಳಿ ಆಷಾಢದಲ್ಲಿ. ದೊಡ್ಡಬಳ್ಳಾಪುರದವರು ಆ ಗಾಳಿಗೆ ಪಟ ಹಾರಿಸುತ್ತಾರೆ, ನಾನು ಹಾಯಿ ಏರಿಸುತ್ತಿದ್ದೆ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಬೀಗರನ್ನು ಕರೆಸಿದೆ. ಗರಿಗರಿ ಪಂಚೆಯುಟ್ಟು ಬಂದವರು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಹೆಂಡತಿಯೂ ಜೊತೆಗಿದ್ದಳು.

"ಬೀಗ್ರೇ, ಇದು ಮುಳುಗಲ್ಲ ತಾನೇ?"

"ನಮ್ ಫ್ಯಾಕ್ಟ್ರಿ ಟ್ಯಾಂಕು ಸೋರಿದ್ದು ಯಾವತ್ತಾದ್ರೂ ಕೇಳಿದೀರಾ?"

"ಟ್ಯಾಂಕು ನೀರನ್ನ ಒಳಗಿಟ್ಕೊಳ್ಳೋಕೆ ಅಲ್ವೇನ್ರೀ ಮಾಡೋದು?" ಎಂದಳು ಹೆಂಡತಿ.

ಹಾಯಿಯ ಹಗ್ಗ ಯಾವಾಗಲೂ ಕೈಯಲ್ಲೇ ಇರಬೇಕು. ಗಾಳಿ ಜೋರಾದರೆ ತಕ್ಷಣ ಸಡಿಲ ಬಿಡಬೇಕು. ಆದರೆ ಬೀಗರಿಗೆ ಕೆರೆ ತೋರಿಸಲು ನನಗೆ ಎರಡೂ ಕೈ ಬೇಕಾಗಿತ್ತು. ಹಗ್ಗವನ್ನು ಬಳೆಗೆ ಬಿಗಿದುಬಿಟ್ಟೆ. ಹೆಂಡತಿ ಕತ್ತಿನ ಹಿಂದೆ ಕೈಯಿಟ್ಟುಕೊಂಡು, "ರೀ, ಗಾಳಿ ತಿರುಗ್ತಾ ಐತೆ. ಹಗ್ಗ ಬಿಚ್ಚಿ" ಎಂದಳು. ನಲವತ್ತು ವರ್ಷ ಕಣದಲ್ಲಿ ರಾಗಿ ತೂರಿದವಳು. ಮೊರ ಎತ್ತಿ ನಿಂತರೆ, ಹೊಟ್ಟು ಯಾವ ಕಡೆ ಹಾರುವುದೆಂದು ಅವಳ ಕತ್ತಿಗೆ ಮೊದಲೇ ತಿಳಿಯುತ್ತಿತ್ತು.

"ಹೊಟ್ಟು ತೂರೋದಲ್ಲ ಕಣೇ ಇದು" ಎಂದೆ, ಟೋಪಿ ಸರಿಮಾಡಿಕೊಂಡು.

ಗಾಳಿ ಪಕ್ಕದಿಂದ ಬಂದು ಹೊಡೆಯಿತು. ದೋಣಿ ವಾಲಿ ನೀರು ನುಗ್ಗಿತು. ನಾನು ಹಾಯಿಕಂಬ ತಬ್ಬಿಕೊಂಡು ಮನೆದೇವರನ್ನು ಕೂಗಿದೆ. ಅವಳು ಆ ವಾಲಿದ ದೋಣಿಯಲ್ಲಿ ಎದ್ದು ನಿಂತು, ಉಗುರು ಮುರಿದುಕೊಂಡು ನನ್ನ ಗಂಟು ಬಿಚ್ಚಿದಳು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಯಿತು. ಕಣ್ಣು ಮುಚ್ಚಿಕೊಂಡಿದ್ದ ಬೀಗರು ಕಣ್ಣು ಬಿಟ್ಟಾಗ ಅವಳು ನಿಂತಿದ್ದಳು, ಅವರು ಸೊಂಟದವರೆಗೆ ನೀರಿನಲ್ಲಿ ಕೂತಿದ್ದರು.

ದಡದಲ್ಲಿ ಜನ ಸೇರಿದ್ದರು. "ಏನ್ ಗುರು, ಏನಾಯ್ತು ಕ್ಯಾಪ್ಟನ್‌ಗೆ?" ಎಂದು ಒಬ್ಬ ನನ್ನನ್ನೇ ಕೇಳಿದ.

"ಏನ್ ಹೇಳ್ಲಪ್ಪಾ, ಇವ್ಳು ಮಧ್ಯದಲ್ಲಿ ಎದ್ದು ನಿಂತ್ಬಿಟ್ಲು" ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವಳು ನಿಂತದ್ದು ನಿಜ. ಅದಕ್ಕೇ ಆ ಮಾತು ಇಷ್ಟು ದಿನ ನನ್ನನ್ನು ಸುಟ್ಟಿತು. ಸೀರೆಯ ನೀರು ಹಿಂಡುತ್ತಿದ್ದವಳು ಒಮ್ಮೆ ನನ್ನ ಮುಖ ನೋಡಿ, ಮತ್ತೆ ಹಿಂಡತೊಡಗಿದಳು.

ಅಲ್ಲಿಂದ ಆ ಮಾತನ್ನು ಬೀಗರು ಸಾಕಿಕೊಂಡರು. ಮಗಳ ಮನೆಯ ಹಬ್ಬದಲ್ಲಿ ನನ್ನವಳು ಬಡಿಸಲು ಎದ್ದರೆ, "ಬೀಗಿತ್ತಿ ನಿಂತ್ರು, ಮನೆ ಗಟ್ಟಿಯಾಗಿ ಹಿಡ್ಕೊಳ್ರಪ್ಪಾ!" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳಿಗೆ ಮಂಡಿನೋವು ಶುರುವಾಯಿತು. ಏಣಿ ಹತ್ತಿ ಅಟ್ಟದ ಪಾತ್ರೆ ಇಳಿಸುವ ಮಂಡಿಗೆ ಮಗಳ ಮನೆಯ ದಾರಿಯಲ್ಲಿ ಮಾತ್ರ ನೋವು. ಹೆಚ್ಚುಕಮ್ಮಿ ಎರಡು ವರ್ಷ ಅವಳು ಅತ್ತ ಹೋಗಲಿಲ್ಲ.

ಈ ವರ್ಷ ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ ನಿಗದಿಯಾಯಿತು. ಮಗು ಅಜ್ಜಿಯ ಮಡಿಲಲ್ಲೇ ಕೂರಬೇಕೆಂದು ಮಗಳು ಫೋನಿನಲ್ಲಿ ಅತ್ತಳು. ಕರೆಯಲು ಬಂದ ಬೀಗರಿಗೆ ಒಳಗಿನಿಂದಲೇ ಉತ್ತರ ಬಂತು: "ಮಂಡಿನೋವು." ನಾನು ಟೋಪಿ ತೆಗೆದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಗಂಟು ನನ್ನದು, ಬಿಚ್ಚಿದವಳು ಅವಳು ಎಂದೆ.

ಬೀಗರು ನಕ್ಕು, "ಹೆಂಡ್ತಿ ಮುಂದೆ ನಾನೂ ಹಿಂಗೇ ಹೇಳೋದು ಬಿಡಿ ಬೀಗ್ರೇ" ಎಂದರು.

ತಪ್ಪು ಹೊರಿಸಿದಾಗ ಒಂದೇ ಮಾತಿಗೆ ನಂಬಿದ್ದ ಮನುಷ್ಯ, ಒಪ್ಪಿಕೊಂಡಾಗ ನಂಬಲಿಲ್ಲ. "ಹಂಗಾದ್ರೆ ದೋಣಿ ಹತ್ತಿ, ನೀವೇ ನೋಡೀರಂತೆ" ಎಂದೆ. ಅವರು ಹಿಂಜರಿದರು, ಹೆದರಿದಿರೆಂದು ಹಂಗಿಸಿ ಎಬ್ಬಿಸಿದೆ. ಹೆಂಡತಿ ಬಾಗಿಲಿಗೆ ಬಂದು, "ಗಂಟು ಹಾಕ್ದೇ ಇರೋದಾದ್ರೆ ಬರ್ತೀನಿ" ಎಂದಳು.

ಹಗ್ಗ ಅವಳ ಕೈಯಲ್ಲಿ, ನೀರು ಮೊಗೆಯುವ ಚೊಂಬು ನನ್ನ ಕೈಯಲ್ಲಿ. ನಡುಕೆರೆಗೆ ಬಂದಾಗ ಅವಳ ಕೈ ಕತ್ತಿಗೆ ಹೋಯಿತು. ಎದ್ದು ನಿಂತಳು. ಬೀಗರು ಕಣ್ಣು ಮುಚ್ಚಹೋದಾಗ, "ಇವತ್ತು ಬಿಟ್ಕೊಂಡಿರಿ" ಎಂದೆ. ಗಾಳಿ ಹೊಡೆಯುವಷ್ಟರಲ್ಲಿ ಅವಳು ಒಂದು ಮಾರು ಹಗ್ಗ ಬಿಟ್ಟಾಗಿತ್ತು. ದೋಣಿ ಸ್ವಲ್ಪ ಬಾಗಿ, ನೆಟ್ಟಗಾಗಿ, ಮುಂದೆ ಸಾಗಿತು.

ಬೀಗರು ದೋಣಿಯ ಅಂಚಿನಿಂದ ಕೈ ತೆಗೆದರು. ದಡಕ್ಕೆ ಇಳಿದ ಮೇಲೆ ಅವಳ ಮುಂದೆ ನಿಂತರು.

"ಕಿವಿ ಚುಚ್ಚೋ ದಿನ ಬರ್ತೀರಾ ಅಕ್ಕಾ?"

"ಬಂದ್ರೆ ನಿಂತ್ಕೊಂಡೇ ಬಡಿಸ್ತೀನಿ. ಪರವಾಗಿಲ್ವಾ?" ಎಂದಳು.

ಬೀಗರು ಕೈ ಮುಗಿದರು. ನಾನು ದೋಣಿಯೊಳಗೇ ಕೂತು ನೀರು ಮೊಗೆಯುತ್ತಿದ್ದೆ. ಅಷ್ಟೇನೂ ನೀರಿರಲಿಲ್ಲ.