ಅತ್ತೆಯ ಕಪ್ಪುಬಿಳುಪು ದೆವ್ವಗಳು

ಅವರೆಕಾಯಿಯ ಸೊಗಡು ಹತ್ತಿದ ಕೈಯಲ್ಲಿ ಮೊಬೈಲ್ ಮುಟ್ಟಬಾರದು ಎಂಬುದು ನಮ್ಮ ಮನೆಯ ಹೊಸ ಮಡಿ. ಆದರೂ ಮೊನ್ನೆ ಬೆಳಿಗ್ಗೆ ನೆನೆಸಿದ ಕಾಳನ್ನು ಹಿದುಕುತ್ತ ಕುಳಿತಿದ್ದಾಗ ಅದು ಟಣ್ ಎಂದಿತು, ನಾನು ಮುಟ್ಟಿದೆ. ಪುಟ್ಟೇನಹಳ್ಳಿ ಕೆರೆಯ ಸುತ್ತ ಒಟ್ಟಿಗೆ ವಾಕಿಂಗ್ ಮಾಡುವ ನಮ್ಮ ಗುಂಪಿನಲ್ಲಿ ಒಂದು ಸಂದೇಶ. ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದ ಇಂಗ್ಲಿಷ್ ದೆವ್ವದ ಚಿತ್ರಗಳಲ್ಲಿ ನಿಮಗೆ ಅಚ್ಚುಮೆಚ್ಚಿನವು ಯಾವುವು, ಎಲ್ಲರೂ ಹೇಳಿ ಎಂದು. ಅದರ ಕೆಳಗೆ ಇನ್ನೊಬ್ಬರು, ‘ಮೊದಲು ಮೇಡಂ ಹೇಳಲಿ, ಅವರಿಗೆ ಎಲ್ಲಾ ಗೊತ್ತು’ ಎಂದು ನನ್ನನ್ನು ಮುಂದಕ್ಕೆ ತಳ್ಳಿದ್ದರು. ಈ ಖ್ಯಾತಿ ನನ್ನದೇ ಸಂಪಾದನೆ. ಏದುಸಿರು ಬಿಡುವುದು ಗೊತ್ತಾಗದಿರಲಿ ಎಂದು ನಾನು ನಡೆಯುವಾಗ ಮಾತಾಡುತ್ತಲೇ ಇರುತ್ತೇನೆ, ಹಾಗೆ ಮಾತಾಡುವಾಗ ಹಳೆಯ ಸಿನಿಮಾಗಳು ಬಹಳ ಉಪಯೋಗಕ್ಕೆ ಬರುತ್ತವೆ.

ಒಂದು ಹೆಸರು ಬರೆದೆ, ಅಳಿಸಿದೆ. ಇನ್ನೊಂದು ಬರೆದೆ, ಅದನ್ನೂ ಅಳಿಸಿದೆ. ನೀವೇ ಒಮ್ಮೆ ಪ್ರಯತ್ನಿಸಿ ನೋಡಿ, ಇಷ್ಟವಾದದ್ದು ಯಾವುದು ಎಂದರೆ ಥಟ್ಟನೆ ಹೇಳಬಹುದು, ಯಾಕೆ ಎಂದು ಕೇಳಿದರೆ ನಾಲಿಗೆ ತಡವರಿಸುತ್ತದೆ. ಆ ಚಿತ್ರಗಳನ್ನು ನೆನೆಯಲು ಕಣ್ಣು ಮುಚ್ಚಿದರೆ ನನಗೆ ಕಾಣಿಸುತ್ತಿದ್ದುದು ದೆವ್ವವೂ ಅಲ್ಲ, ಪಾಳುಬಂಗಲೆಯೂ ಅಲ್ಲ. ಒಂದು ನೀಲಿ ವಾಯಿಲ್ ಸೀರೆಯ ಬೆನ್ನು, ಅದರ ಮೇಲೊಂದು ಬಿಗಿಯಾದ ಜಡೆ. ಅದು ನಮ್ಮ ಪದ್ಮತ್ತೆಯ ಬೆನ್ನು.

ಪದ್ಮತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ, ಜಯನಗರದ ನಮ್ಮ ಮನೆಯಲ್ಲೇ ವಾಸ. ವಿಡಿಯೋ ಪ್ಲೇಯರ್ ಬಾಡಿಗೆಗೆ ತರುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಭಾನುವಾರ ಮನೆಗೆ ಬಂದ ಪ್ಲೇಯರನ್ನು ಬೀಗರಂತೆ ಉಪಚರಿಸಿ, ಬಾಡಿಗೆ ಮುಗಿಯುವುದರೊಳಗೆ ಎಷ್ಟಾಗುತ್ತದೋ ಅಷ್ಟು ನೋಡಿಬಿಡಬೇಕು. ಅಪ್ಪನಿಗೊಂದು ಪೌರಾಣಿಕ, ಅಮ್ಮನಿಗೊಂದು ಸಾಂಸಾರಿಕ, ಅತ್ತೆಗೆ ಮಾತ್ರ ಕಪ್ಪುಬಿಳುಪು ಇಂಗ್ಲಿಷ್ ದೆವ್ವ. ತಿಲಕ್ ನಗರದ ಕ್ಯಾಸೆಟ್ ಅಂಗಡಿಯವನು ಪ್ರತಿಸಲವೂ, “ಮೇಡಂ, ಇದು ಸಖತ್ ಹಳೇದು, ಇದನ್ನ ಯಾರೂ ಕೇಳಲ್ಲ. ಕಲರ್‌ದು ಕೊಡ್ಲಾ?” ಎನ್ನುತ್ತಿದ್ದ. “ಬೇಡಪ್ಪ, ಕಲರ್‌ದ್ರಲ್ಲಿ ಬರೀ ವಾದ್ಯ ಬಾರಿಸ್ತಾರೆ,” ಎಂದು ಅತ್ತೆ ತಮ್ಮದನ್ನೇ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ದೆವ್ವಕ್ಕೂ ವಾದ್ಯಕ್ಕೂ ಏನು ಸಂಬಂಧ ಎಂದು ಆಗ ನಾನು ಕೇಳಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ ಕತ್ತಲು ಮಾಡುತ್ತಿದ್ದೆವು. ಅತ್ತೆ ಟೀವಿಯ ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ನಾನು, ತಮ್ಮ ಇಬ್ಬರೂ ಅವರ ಬೆನ್ನಿಗೆ ಅಂಟಿಕೊಂಡು, ಒಬ್ಬರು ಎಡಭುಜದ ಮೇಲಿಂದ, ಒಬ್ಬರು ಬಲಭುಜದ ಮೇಲಿಂದ ಇಣುಕುತ್ತಿದ್ದೆವು. ಬಾಗಿಲು ಕಿರ್ರೆಂದರೆ ಸಾಕು, ನಮ್ಮ ಮುಖ ಸೀರೆಯೊಳಗೆ. ಪರದೆಯ ಮೇಲೆ ನಟರ ಹೆಸರು ಬರುವಾಗಲೇ ಅಪ್ಪ ನಿದ್ದೆ ಹೋಗಿರುತ್ತಿದ್ದರು. ಅತ್ತೆ ಮಾತ್ರ ಅಲುಗಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹೋಯ್ತು, ಏಳ್ರೋ,” ಎನ್ನುತ್ತಿದ್ದರು. ಎದ್ದು ನೋಡಿದರೆ ನಿಜವಾಗಿಯೂ ಹೋಗಿರುತ್ತಿತ್ತು. ಇಂಥ ಗಟ್ಟಿ ಹೆಂಗಸು ಇಡೀ ಬಡಾವಣೆಯಲ್ಲಿ ಇಲ್ಲ ಎಂದು ನಾವು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆವು.

ಆ ಗಟ್ಟಿ ಹೆಂಗಸು ಈಗ ಜೆ.ಪಿ. ನಗರದ ನಮ್ಮ ಫ್ಲಾಟಿನ ಒಳಕೋಣೆಯಲ್ಲಿದ್ದಾರೆ. ಎಂಬತ್ತು ದಾಟಿದೆ. ಕಳೆದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತು, ಆದರೆ ಧೈರ್ಯ ಕೂಡಿಕೊಳ್ಳಲಿಲ್ಲ. ಕೋಣೆಗೂ ಹಾಲಿಗೂ ನಡುವೆ ಇರುವುದು ಒಂದು ಮೋಟು ಓಣಿ. ಅದನ್ನು ದಾಟಲು ಅವರಿಗೆ ಕಾಲು ಬರುವುದಿಲ್ಲ. ಕಾಫಿ, ಊಟ, ಪೇಪರು ಎಲ್ಲವೂ ಹಾಸಿಗೆಗೇ. ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, “ಆಂಟಿ, ಈಗ ನಡೀಲಿಲ್ಲ ಅಂದ್ರೆ ಆಮೇಲೆ ನಡ್ಯಕ್ಕೇ ಆಗಲ್ಲ,” ಎಂದಿದ್ದಳು. ನಾನು ಬೈದದ್ದೂ ಆಯಿತು, ಮುದ್ದು ಮಾಡಿದ್ದೂ ಆಯಿತು. ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆ ತಿರುಗಿದ ಬೆನ್ನು.

ಮೆಚ್ಚಿನ ದೆವ್ವಗಳನ್ನು ಹೇಳಬೇಕಾದರೆ ಅವರನ್ನೇ ಕೇಳಬೇಕಲ್ಲವೆ? ಕೈ ತೊಳೆದು ಕೋಣೆಗೆ ಹೋದೆ.

“ಅತ್ತೆ, ಆ ಹಳೇ ಸಿನಿಮಾಗಳಲ್ಲಿ ನಿಮಗೆ ಯಾವ್ದು ಇಷ್ಟ ಆಗಿತ್ತು?”

ಬಹಳ ದಿನಗಳ ಮೇಲೆ ಅವರು ಥಟ್ಟನೆ ತಿರುಗಿದರು. “ಗಡಿಯಾರದ್ದು ಕಣೇ. ಸತ್ತ ಯಜಮಾನ ಕೀಲಿ ಕೊಡಕ್ಕೆ ಬರ್ತಾನಲ್ಲ, ಅದು. ಮೊದ್ಲು ಟಿಕ್ ಟಿಕ್ ಅಂತಿರತ್ತೆ. ಆಮೇಲೆ ನಿಂತೋಗತ್ತೆ. ಮೆಟ್ಟಿಲ ಮೇಲೆ ಒಂದು ಶೂಸು ಸರ್ಯಾಗಿ ಕೇಳತ್ತೆ, ಇನ್ನೊಂದು ಎಳ್ಕೊಂಡು ಬರತ್ತೆ. ಆಮೇಲೆ ಕೀಲಿ, ಕರ್ ಕರ್ ಕರ್. ಅಬ್ಬಾ!”

“ಅವನ ಮುಖ ಹೇಗಿತ್ತು?”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ನಾನೆಲ್ಲಿ ನೋಡ್ದೆ? ಕಣ್ಣು ಮುಚ್ಕೊಂಡಿರ್ತಿದ್ದೆ.”

“ಎಲ್ಲಾ ಸಿನಿಮಾಗೂ?”

“ಎಲ್ಲಾದಕ್ಕೂ. ಕೇಳಕ್ಕೆ ಆಸೆ, ನೋಡಕ್ಕೆ ಭಯ. ನೀವು ಹಿಂದೆ ಇದ್ರಿ, ನಿಮಗೇನು ಗೊತ್ತಾಗತ್ತೆ? ಹೆಜ್ಜೆ ಸದ್ದು ದೂರ ಹೋದ್ಮೇಲೆ ಏಳ್ರೋ ಅಂತಿದ್ದೆ.”

ಹಾಗಾದರೆ ನಮ್ಮ ಮನೆಯಲ್ಲಿ ಆ ಸಿನಿಮಾಗಳನ್ನು ನೋಡಿದವರು ಯಾರು? ಅಮ್ಮ ಅಡುಗೆಮನೆಯಲ್ಲಿ, ಅಪ್ಪನಿಗೆ ನಿದ್ದೆ, ನಾವು ಸೀರೆಯೊಳಗೆ, ಅತ್ತೆಯ ಕಣ್ಣು ಮುಚ್ಚಿತ್ತು. ಬಾಡಿಗೆ ತಂದ ದೆವ್ವ ಪಾಪ, ಯಾರೂ ನೋಡದ ನಾಟಕ ಆಡಿ ಹೋಗಿದೆ. ಅದರ ಬಲದ ಮೇಲೆ ನಾನು ಕೆರೆಯ ಸುತ್ತ ಪಂಡಿತಳಾಗಿದ್ದೇನೆ.

ಆ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ಹಾಸಿಗೆಯ ಪಕ್ಕದಲ್ಲೇ ಹಾಕಿದೆ. ಅತ್ತೆ ಮುಖ ಹಿಂಡಿದರು. “ಇದೇನೇ ಇದು, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ!” ದೊಡ್ಡ ಸ್ಪೀಕರು ಇರುವುದು ಹಾಲಿನಲ್ಲಿ ಎಂದೆ. ಅವರು ಬಾಗಿಲನ್ನು ನೋಡಿದರು, ತಮ್ಮ ಕಾಲನ್ನು ನೋಡಿಕೊಂಡರು. ಕಿವಿಯ ಆಸೆ ಗೆದ್ದಿತು. ನನ್ನ ಭುಜ ಹಿಡಿದು, ರಾಮ ರಾಮ ಎನ್ನುತ್ತ, ಬಂದೇಬಿಟ್ಟರು. ನನ್ನ ಭುಜದ ಮೇಲೆ ಅವರ ಉಗುರಿನ ಗುರುತು ಬಿತ್ತು. ನನಗೆ ಅಳುವಷ್ಟು ಸಂತೋಷವಾಗಿತ್ತು.

ಪರದೆ ಎಳೆದು ಕುಳಿತೆವು. ಮಾತು ಆಗಷ್ಟೇ ಕಲಿತಿದ್ದ ಆ ಸಿನಿಮಾದವರಿಗೆ ಹಿನ್ನೆಲೆಯಲ್ಲಿ ಸಂಗೀತ ತುಂಬಬೇಕೆಂದು ಇನ್ನೂ ಹೊಳೆದಿರಲಿಲ್ಲ. ಒಗ್ಗರಣೆಗಿಟ್ಟ ಎಣ್ಣೆ ಕಾಯುವಂಥ ಸಣ್ಣ ಸುಯ್‌ಸದ್ದು, ಅದರ ನಡುವೆ ಒಂದು ಬಾಗಿಲು, ಒಂದು ಹೆಜ್ಜೆ, ಮತ್ತೆ ಏನೂ ಇಲ್ಲ. ವಾದ್ಯ ಬೇಡ ಎಂದು ಅತ್ತೆ ಹೇಳುತ್ತಿದ್ದುದು ನನಗೆ ಈಗ ಅರ್ಥವಾಯಿತು. ದಿನವಿಡೀ ತಂತಿಯ ಆಚೆಯ ದನಿಗಳನ್ನು ಕೇಳುತ್ತಿದ್ದವರು ಅವರು. ಮುಖ ಕಾಣದವರನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವುದು ಅವರಿಗೆ ದಿನನಿತ್ಯದ ಕೆಲಸ.

ಮೆಟ್ಟಿಲ ಮೇಲೆ ಶೂಸು ಎಳೆದ ಸದ್ದಾಯಿತು. ಓರೆಗಣ್ಣಿನಿಂದ ನೋಡಿದೆ. ಅತ್ತೆ ಕಣ್ಣು ಬಿಟ್ಟುಕೊಂಡೇ ಇದ್ದರು.

ಯಜಮಾನ ಬಂದ. ಮುಖಕ್ಕೆ ಹಿಟ್ಟು ಬಳಿದುಕೊಂಡ, ಕಾಲರ್ ಸಡಿಲವಾದ ಒಬ್ಬ ಬಡಕಲು ಮನುಷ್ಯ.

“ಇವ್ನಾ?” ಎಂದರು ಅತ್ತೆ. “ನನ್ನೋನು ಇನ್ನೂ ಎತ್ತರ ಇದ್ದ. ಹುಬ್ಬು ದಪ್ಪ ಇತ್ತು. ಇವನಿಗೆ ಯಾರಾದ್ರೂ ಎರಡು ತುತ್ತು ಅನ್ನ ಹಾಕಿ.” ಸ್ವಲ್ಪ ಹೊತ್ತು ನೋಡಿ, “ನನ್ನೋನೇ ವಾಸಿ,” ಎಂದು ಮತ್ತೆ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಸುಳ್ಳೇಕೆ ಹೇಳಲಿ, ಕೀಲಿಯ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಈ ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಚಿತ್ರ ನನಗೆ ಸಿಕ್ಕಿತು.

ಗುಂಪಿನವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನನಗೆ ಸ್ವಲ್ಪ ಕಾಲಾವಕಾಶ ಬೇಕು, ಒಂದನ್ನೂ ಸರಿಯಾಗಿ ನೋಡಿಲ್ಲ ಎಂದು ಬರೆದೆ. ಅವರು ನಗುವ ಮುಖ ಕಳಿಸಿದರು, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ಒರೆಸಿಡುತ್ತಿದ್ದೆ. ಓಣಿಯಲ್ಲಿ ಏನೋ ಸದ್ದಾಯಿತು. ಹೊರಗೆ ಬಂದು ನೋಡಿದರೆ, ಅತ್ತೆ ಹಾಲಿನ ಸೋಫಾದ ಮೇಲೆ ಕುಳಿತಿದ್ದಾರೆ. ನಾನು ಕರೆದಿರಲಿಲ್ಲ, ಹಿಡಿದು ತಂದವರೂ ಯಾರೂ ಇಲ್ಲ. ಹಣೆಯಲ್ಲಿ ಬೆವರಿತ್ತು. ನಾನು ಬಾಯಿ ತೆರೆಯುವ ಮೊದಲೇ ಗದರಿದರು:

“ನಿಂತ್ಕೊಂಡು ಏನು ನೋಡ್ತೀಯೇ? ಬೇಗ ಒಂದು ಹಾಕು. ಇಷ್ಟು ಹೆದರ್ಕೊಂಡು ಇಲ್ಲೀತನಕ ನಡ್ಕೊಂಡ್ ಬಂದಿದೀನಿ, ವೇಸ್ಟ್ ಆಗ್ಬಾರ್ದು.”