ಒಂದು ನಿಮಿಷಕ್ಕೆ ನೂರ ಮೂವತ್ತೊಂದು

ನನ್ನ ಭಾವನಿಗೆ ಪರೀಕ್ಷೆ ಅಂದರೆ ಪ್ರಾಣ. ಅಕ್ಕನಿಗಿಂತ ಮುಂಚೆ ಅವರು ಪರೀಕ್ಷೆಯನ್ನೇ ಕಟ್ಟಿಕೊಂಡಿದ್ದರು ಎಂದು ನಾನು ಆಗಾಗ ಹೇಳುವುದುಂಟು. ಅಕ್ಕ ನಗುತ್ತಾಳೆ, ಭಾವ ನಗುವುದಿಲ್ಲ. ಮೂವತ್ತನಾಲ್ಕು ವರ್ಷ ಟೈಪಿಂಗ್ ಹೇಳಿಕೊಟ್ಟ ಮನುಷ್ಯ. ಇಸ್ತ್ರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಹನ್ನೊಂದು ಮೆಷಿನ್ನು, ಕೆಳಗಿನಿಂದ ಏರಿ ಬರುವ ಬಿಸಿ, ಗೋಡೆಗೊಂದು ಗಡಿಯಾರ. ಕಲಿಯುವವರು ಕೀ ನೋಡಿಕೊಂಡು ಬಡಿಯಬಾರದೆಂದು ಅವರ ಕೈಗಳ ಮೇಲೆ ಕರವಸ್ತ್ರ ಹೊದಿಸುತ್ತಿದ್ದರು. ನಾನೂ ಅಲ್ಲೇ ಕಲಿತವಳು. ನಾದಿನಿ ಎಂದು ಒಂದು ಚೂರೂ ರಿಯಾಯಿತಿ ತೋರಿಸಲಿಲ್ಲ ಪುಣ್ಯಾತ್ಮ. ಮೊದಲ ಸಲ ನಾನು ಫೇಲಾದಾಗ "ಕೋಪ ಬೆರಳಿಗೆ ಇಳಿಸ್ಬೇಡ, ಪಟಾಕಿ" ಅಂದರು. ಆ ಹೆಸರು ಅಲ್ಲಿಂದ ನನಗೆ ಅಂಟಿಕೊಂಡಿತು.

ಕಾಯಿಲೆ ಶುರುವಾದದ್ದು ಬಲಗೈಯ ಕಿರುಬೆರಳಿನಿಂದ. ಆ ಬೆರಳು ಒತ್ತುವ ಅಕ್ಷರಗಳೆಲ್ಲ ಕಾಗದದ ಮೇಲೆ ಮಸುಕಾಗಿ ಬೀಳತೊಡಗಿದವು. ಭಾವ ಮೆಷಿನ್ನನ್ನು ಬೈದರು. ರಿಬ್ಬನ್ ಬದಲಿಸಿದರು, ಬಿಚ್ಚಿ ಮೂರು ಸಲ ಎಣ್ಣೆ ಬಿಟ್ಟರು, ಕೊನೆಗೆ ಬೇರೆ ಮೆಷಿನ್ನಿಗೆ ಹೋಗಿ ಕೂತರು. ಅಲ್ಲೂ ಅದೇ ಅಕ್ಷರಗಳು ಮಸುಕು. ಆಗಲೂ ಅವರು ನಂಬಿದ್ದು ಬೆರಳನ್ನೇ, ದೂರಿದ್ದು ರಿಬ್ಬನ್ ಕಂಪನಿಯನ್ನು. ಡಾಕ್ಟರು ಪಾರ್ಕಿನ್ಸನ್ಸ್ ಅನ್ನುವ ಹೊತ್ತಿಗೆ ಕೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು, ದನಿ ಗಂಟಲಲ್ಲೇ ಉಳಿಯುತ್ತಿತ್ತು. ಹನ್ನೊಂದು ಮೆಷಿನ್ನುಗಳಲ್ಲಿ ಒಂದನ್ನು ಮನೆಗೆ ತಂದು ಕಿಟಕಿ ಪಕ್ಕ ಇಟ್ಟುಕೊಂಡರು.

ಎರಡು ವರ್ಷದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಅಧ್ಯಯನಕ್ಕೆ ಜನ ಬೇಕೆಂದರು. ಅಕ್ಕನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ನಾನು ಅಂಚೆ ಕಚೇರಿಯಿಂದ ನಿವೃತ್ತಳಾಗಿ ಬಾಯಿ ಮಾಡಲು ಗಿರಾಕಿಗಳಿಲ್ಲದೆ ಕೂತಿದ್ದೆ. ಹಾಗಾಗಿ ಭಾವನ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಅಲ್ಲಿನ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಬರೀ ಪುಡಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ದಿನದ ಹಳೆಯ ಮಾತ್ರೆಗಳು ಎಂದಿನಂತೆ ಇರುತ್ತವೆ. ಆದರೆ ಅಳತೆಯ ದಿನ ಬೆಳಿಗ್ಗೆ ಅವನ್ನು ತೆಗೆದುಕೊಳ್ಳದೆ ಬರಬೇಕು, ಕಾಯಿಲೆ ಇದ್ದ ಹಾಗೇ ಕಾಣಬೇಕು. ನಡೆಸಿ ನೋಡುತ್ತಾರೆ, ಹಿಮ್ಮಡಿ ಕುಟ್ಟಿಸುತ್ತಾರೆ, ಆಮೇಲೆ ಎರಡು ಗುಂಡಿಗಳಿರುವ ಪುಟ್ಟ ಪೆಟ್ಟಿಗೆಯೊಂದನ್ನು ಮುಂದಿಡುತ್ತಾರೆ. ಒಂದು ನಿಮಿಷದಲ್ಲಿ ಎರಡನ್ನೂ ಒಂದಾದ ಮೇಲೊಂದು ಎಷ್ಟು ಸಲ ಒತ್ತುತ್ತೀರಿ ಎಂದು ಪೆಟ್ಟಿಗೆಯೇ ಎಣಿಸುತ್ತದೆ.

ಟೈಪಿಂಗ್ ಮೇಷ್ಟ್ರ ಮುಂದೆ ಎರಡು ಗುಂಡಿ! ಭಾವ ಅಂಗಿಯ ತೋಳು ಮಡಚಿಕೊಂಡರು. ಬಂದದ್ದು ಎಂಬತ್ತನಾಲ್ಕು.

"ಎಷ್ಟಕ್ಕೆ ಎಂಬತ್ತನಾಲ್ಕು?" ಎಂದು ಕೇಳಿದರು.

"ಎಷ್ಟಕ್ಕೆ ಅಂತೇನಿಲ್ಲ ಮೇಷ್ಟ್ರೇ, ಇದ್ರಲ್ಲಿ ಪಾಸು ಫೇಲು ಇಲ್ಲ" ಎಂದರು ಡಾಕ್ಟರಮ್ಮ.

ಭಾವನ ಮುಖ ಸಪ್ಪಗಾಯಿತು. ಮನೆಗೆ ಬಂದವರೇ ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಕೂತರು. ಎರಡೇ ಕೀ. ಟಕ್ ಟಕ್, ಟಕ್ ಟಕ್. ಮಾರನೆಯ ದಿನ ನನ್ನ ಕೈಗೆ ಗಡಿಯಾರ ಕೊಟ್ಟರು.

"ಏನಿದು ಭಾವ?"

"ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಓದ್ದೇ ಹೋಗೋದಾ?"

ನಾನೂ ತಲೆ ಓಡಿಸಲಿಲ್ಲ. ಇಷ್ಟು ವರ್ಷ ಅಂಚೆ ಮುದ್ರೆ ಒತ್ತಿದ ತಲೆ, ಎಲ್ಲಿ ಓಡುತ್ತೆ? ದಿನಾ ಬೆಳಿಗ್ಗೆ ಒಂದು ಗಂಟೆ ಅವರು ಕುಟ್ಟಿದರು, ನಾನು ನನ್ನ ಮನೆಯಿಂದ ಬಂದು ಸಮಯ ನೋಡಿದೆ. ಒಂಬತ್ತು ತಿಂಗಳು. ಲೆಕ್ಕ ಎಂಬತ್ತನಾಲ್ಕರಿಂದ ನೂರ ಎರಡಾಯಿತು, ನೂರ ಹದಿನೇಳಾಯಿತು, ನೂರ ಮೂವತ್ತೊಂದಾಯಿತು. ಪ್ರತಿ ಸಲವೂ ಭಾವ ಹೊರಗಿನ ಹಾಲಿಗೆ ಬಂದು ಬೆಂಚಿನ ಮೇಲೆ ಕೂತವರಿಗೆಲ್ಲ ಅಂಕ ಓದಿ ಹೇಳುತ್ತಿದ್ದರು. ರ‍್ಯಾಂಕ್ ಬಂದ ಹುಡುಗನ ಹಾಗೆ ಬೀಗುತ್ತಿದ್ದರು. ನಾನೂ ಉಬ್ಬಿ ಹೋಗಿದ್ದೆ, ಸುಳ್ಳೇಕೆ ಹೇಳಲಿ?

ಅದೇ ಹೊತ್ತಿಗೆ ಮನೆಯಲ್ಲಿ ಅವರಿಗೆ ಅಂಗಿಯ ಗುಂಡಿ ಹಾಕಲು ಹದಿನೈದು ನಿಮಿಷ ಹಿಡಿಯುತ್ತಿತ್ತು. ಬಾಗಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಳ್ಳುತ್ತಿತ್ತು, ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಎಲ್ಲವೂ ನನ್ನ ಕಣ್ಣೆದುರೇ. ಆದರೂ ನೂರ ಮೂವತ್ತೊಂದು ನನ್ನ ಕಣ್ಣು ಕಟ್ಟಿತ್ತು.

ಆ ನೂರ ಮೂವತ್ತೊಂದರ ದಿನವೇ ಹಾಲಿನಲ್ಲಿ ಬಸ್ ಡ್ರೈವರೊಬ್ಬರು ಸಿಕ್ಕರು. ಐವತ್ತರ ಆಸುಪಾಸು, ಆಜಾನುಬಾಹು, ಎರಡು ಕೈಯನ್ನೂ ತೊಡೆಯ ಕೆಳಗೆ ಅದುಮಿ ಕೂತಿದ್ದರು. ಹಿಂದಿನೆರಡು ಸಲವೂ ಭಾವನ ಅಂಕ ಕೇಳಿಸಿಕೊಂಡಿದ್ದರಂತೆ.

"ಮೇಷ್ಟ್ರೇ, ನಿಮ್ಮನ್ನ ನೋಡೇ ನಾನು ಮನಸ್ಸು ಬದಲಾಯಿಸಿದ್ದು" ಅಂದರು. "ನಂಗೆ ತಲೆಗೆ ತಂತಿ ಇಳಿಸೋ ಆಪರೇಷನ್ ಆಗುತ್ತೆ, ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಹೇಳಿ ಅದಕ್ಕೆ ತಾರೀಖೂ ಕೊಟ್ಟಿದ್ರು. ಬೇಡ ಅಂದುಬಿಟ್ಟೆ. ಸೋಮವಾರ ಸಂಜೆವರೆಗೆ ಯೋಚನೆ ಮಾಡಿ, ಆಮೇಲೆ ಬೇರೆಯವರಿಗೆ ಕೊಡ್ತೀವಿ ಅಂದಿದಾರೆ. ಯೋಚನೆ ಏನ್ ಬಂತು? ಮಾತ್ರೇಲೇ ನೂರ ಮೂವತ್ತು ಬರೋವಾಗ ತಲೆ ಯಾಕೆ ಕೊರೆಸ್ಕೊಳ್ಲಿ? ಸೋಮವಾರ ಬಂದು ಈ ಅಧ್ಯಯನಕ್ಕೇ ಸಹಿ ಹಾಕ್ತೀನಿ."

ಭಾವ ಹಾಲಿನಿಂದ ಹೊರಗೆ ಹೊರಟರು. ಮನೆ ಮುಂದೆ ಆಟೋದಿಂದ ಇಳಿಸಿಕೊಳ್ಳುವಾಗ ನನ್ನ ಭುಜ ಹಿಡಿದು, "ಪಟಾಕಿ, ನಾನು ಕಾಪಿ ಹೊಡೆದೆ ಕಣೆ" ಅಂದರು.

ಲೆಕ್ಕ ಏರಿದ್ದು ಮಾತ್ರೆಯಿಂದಲ್ಲ, ನಮ್ಮ ಅಭ್ಯಾಸದಿಂದ ಎಂದು ಆ ಮಾತು ಕೇಳಿದ ಮೇಲೆ ನನಗೂ ತಿಳಿಯಿತು, ಅದಕ್ಕೇ ಸಿಟ್ಟು ನೆತ್ತಿಗೇರಿತು. "ಏನು ಕಾಪಿ? ಅಭ್ಯಾಸ ಮಾಡ್ಬೇಡಿ ಅಂತ ಯಾರಾದ್ರೂ ಹೇಳಿದ್ರಾ? ಬಾಯಿ ಬಿಟ್ರೆ ನಿಮ್ಮನ್ನ ತೆಗೆದುಹಾಕ್ತಾರೆ, ಅಷ್ಟೇ. ನಿಮಗೆ ಸಿಗ್ತಿರೋದು ನಿಜವಾದ ಮಾತ್ರೆನೇ ಆಗಿದ್ರೆ? ಅದೂ ಹೋಗುತ್ತೆ" ಎಂದು ಬೀದಿಯಲ್ಲೇ ಕೂಗಾಡಿದೆ.

"ಆ ಮನುಷ್ಯನ ತಲೆ?" ಅಂದರು ಭಾವ.

ಮೂರು ದಿನ ಜಗಳ ಆಯಿತು. ಅಕ್ಕ ನಮ್ಮಿಬ್ಬರನ್ನೂ ನೋಡಿ ನೋಡಿ, "ಅವರಿಗೆ ಏನು ಅನ್ಸುತ್ತೋ ಅದನ್ನ ಮಾಡ್ಲಿ ಬಿಡೆ. ಈ ಒಂಬತ್ತು ತಿಂಗಳು ಎಷ್ಟು ಖುಷಿಯಾಗಿ ಎದ್ದೇಳ್ತಿದ್ರು, ಅದು ಹೋಗುತ್ತಲ್ಲಾ ಅಂತ ನಂಗೂ ಸಂಕಟ" ಅಂದಳು. ಹೇಳುತ್ತಾ ಅತ್ತಳು.

ಸೋಮವಾರ ಬೆಳಿಗ್ಗೆ ಹೋದೆವು. ಭಾವ ಡಾಕ್ಟರಮ್ಮನ ಮುಂದೆ ನಡೆದದ್ದೆಲ್ಲ ಒಪ್ಪಿಸಿದರು. ನನ್ನ ಗಡಿಯಾರದ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಿದೆ.

ಡಾಕ್ಟರಮ್ಮ ಬೈಯಲಿಲ್ಲ. ಫೈಲು ತೆರೆದು, "ನಿಮ್ಮ ಕಾಲು ಪ್ರತಿ ಸಲ ನಿಧಾನ ಆಗ್ತಿದೆ, ಕೈ ಮಾತ್ರ ಪ್ರತಿ ಸಲ ಚುರುಕು. ಪೆಟ್ಟಿಗೆ ಕೆಟ್ಟಿದೆ ಅಂತ ಎರಡು ಸಲ ರಿಪೇರಿಗೆ ಕಳಿಸಿದೆ ಮೇಷ್ಟ್ರೇ" ಅಂದರು. "ತಪ್ಪು ನಮ್ಮದೂ ಇದೆ. ಮನೇಲಿ ಏನು ಮಾಡ್ತೀರಿ ಅಂತ ನಾವು ಕೇಳ್ಬೇಕಿತ್ತು. ಆದ್ರೆ ಈ ಲೆಕ್ಕ ಇಟ್ಕೊಳ್ಳೋಕಾಗಲ್ಲ. ನಿಮ್ಮನ್ನೂ ಮುಂದುವರಿಸೋಕಾಗಲ್ಲ. ನಿಮ್ಮ ಚಿಕಿತ್ಸೆ ನಾನೇ ನೋಡ್ಕೋತೀನಿ, ಅದಕ್ಕೆ ಹೆದರ್ಬೇಡಿ."

ಭಾವ ಜೇಬಿನಿಂದ ಅಧ್ಯಯನದ ಮಾತ್ರೆಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಇಡುವಾಗ ಅದು ಗಲಗಲ ಅಂದಿತು. "ಆ ಡ್ರೈವರ್‌ಗೆ ನಾನೇ ಹೇಳ್ತೀನಿ" ಅಂದರು.

ಡ್ರೈವರು ಹಾಲಿನಲ್ಲಿ ಅದೇ ಬೆಂಚಿನ ಮೇಲಿದ್ದರು, ತೊಡೆಯ ಮೇಲೆ ಸಹಿಯ ಕಾಗದ. ಹಾಲು ತುಂಬ ಜನ. ಭಾವ ಎದುರಿಗೆ ನಿಂತು ಏನೋ ಅಂದರು. ಆಸ್ಪತ್ರೆಯ ದಿನ ಎಂಬ ರೂಢಿಯಲ್ಲಿ ಬೆಳಗಿನ ಮಾತ್ರೆ ತೆಗೆದುಕೊಳ್ಳದೆ ಬಂದಿದ್ದರು, ದನಿ ತುಟಿಯಾಚೆ ಬರಲಿಲ್ಲ.

"ಏನಂದ್ರಿ ಮೇಷ್ಟ್ರೇ?"

ಇನ್ನೊಮ್ಮೆ ಹೇಳಿದರು. ಕೇಳಿಸಲಿಲ್ಲ. ನಾನು ಮುಂದೆ ಬಂದು, "ಭಾವ, ನಾನು ಹೇಳ್ತೀನಿ ಬಿಡಿ" ಅಂದೆ. ನನ್ನನ್ನು ಕೈಯಲ್ಲೇ ತಡೆದರು. ಬೆಂಚಿನ ಅಂಚು ಹಿಡಿದು ಉಸಿರು ಎಳೆದುಕೊಂಡರು. ಕುತ್ತಿಗೆಯ ನರ ಉಬ್ಬಿತು.

"ಅದು ಮಾತ್ರೆ ಅಲ್ಲ! ನಾನು ಮನೇಲಿ ದಿನಾ ಅಭ್ಯಾಸ ಮಾಡ್ತಿದ್ದೆ! ನನ್ನ ನಂಬ್ಬೇಡಿ!"

ಹಾಲೆಲ್ಲ ತಿರುಗಿ ನೋಡಿತು. ಮೂವತ್ತನಾಲ್ಕು ವರ್ಷ ಒಬ್ಬ ಹುಡುಗನೂ ನಕಲು ಮಾಡದಂತೆ ಕಾದ ಮನುಷ್ಯ, ಅಷ್ಟು ಜನರ ಮುಂದೆ ನಿಂತು ನಡುಗುತ್ತಿದ್ದರು. ನನಗೆ ಅವರನ್ನು ಅಪ್ಪಿಕೊಂಡುಬಿಡಬೇಕು ಅನ್ನಿಸಿತು.

ಡ್ರೈವರ ಮುಖ ಕೆಂಪಾಯಿತು. ಬೈದೇ ಬೈಯುತ್ತಾರೆ ಎಂದು ನಾನೂ ಸೊಂಟ ಕಟ್ಟಿಕೊಂಡೆ. ಅವರು ತೊಡೆಯ ಮೇಲಿನ ಕಾಗದ ನೋಡಿ, "ಹಾಗಾದ್ರೆ ಆ ಮಾತ್ರೇಲಿ ಏನೂ ಇಲ್ವಾ?" ಎಂದು ಕೇಳಿದರು.

"ಗೊತ್ತಿಲ್ಲ" ಅಂದರು ಭಾವ. "ಇರಬಹುದು. ನನ್ನನ್ನ ನೋಡಿ ತಿಳ್ಕೊಬಹುದಾಗಿತ್ತು. ಅದನ್ನೇ ನಾನು ಕೆಡಿಸಿದ್ದು."

ಡ್ರೈವರು ಸಹಿಯ ಕಾಗದವನ್ನು ನಾಲ್ಕಾಗಿ ಮಡಚಿದರು. ಜೇಬಿನಿಂದ ಫೋನು ತೆಗೆದು ಆಪರೇಷನ್ ವಿಭಾಗದ ನಂಬರು ಹುಡುಕಿದರು, ಹೆಬ್ಬೆರಳು ಎಲ್ಲೆಲ್ಲೋ ಬೀಳುತ್ತಿತ್ತು. ಕೊನೆಗೆ ಫೋನನ್ನು ನನ್ನ ಕೈಗಿತ್ತು, "ಆ ದಿನ ಇನ್ನೂ ಖಾಲಿ ಇದೆಯಾ ಕೇಳಮ್ಮಾ" ಅಂದರು. ಕೇಳಿದೆ. ಇತ್ತು. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಆಮೇಲೆ ಭಾವನ ಅಂಗಿಯ ತುದಿ ಎಳೆದು, "ಕೂತ್ಕೊಳ್ಳಿ, ಬಿದ್ದುಗಿದ್ದೀರಾ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಭಾವನಿಗೆ ನಾನು ಬೆಳಗಿನ ಮಾತ್ರೆ ಕೊಟ್ಟೆ. ನೀರು ಕುಡಿದು ಅಲ್ಲೇ ನಿಂತರು. ಕಾಲು ಅಂಟಿಕೊಂಡಿರಬೇಕು ಎಂದುಕೊಂಡು ನಾನು "ಎಡ, ಬಲ" ಅನ್ನತೊಡಗಿದೆ.

"ಕಾಲಲ್ಲ ಕಣೆ" ಅಂದರು. "ನಾಳೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?"

ಇಷ್ಟು ವರ್ಷಗಳಲ್ಲಿ ಅವರ ಒಂದು ಮಾತಿಗೂ ನಾನು ಉತ್ತರ ಕೊಡದೆ ಬಿಟ್ಟವಳಲ್ಲ. ಆವತ್ತೂ ಬಿಡಲಿಲ್ಲ. "ನಾಳೆ ಬೇಗ ಬರ್ತೀನಿ ಭಾವ, ಇಬ್ರೂ ಕೂತು ಜಗಳ ಆಡೋಣ" ಅಂದೆ. ಅವರು "ಏನು?" ಅಂದರು. ಈ ಸಲ ತುಟಿಯಾಚೆ ಬರದೇ ಹೋದದ್ದು ನನ್ನ ದನಿ.